ಎರಡನೆಯ ಕರೆ

ಮೇ 6

ಗುಬ್ಬಿಗೆ,

ಮಾವನ ಆಶೀರ್ವಾದ. ಮಂಡಿ ಎರಡೂ ಕಿರುಗುಟ್ಟುತ್ತಿವೆ, ಮಿಕ್ಕಂತೆ ನಾನು ಇದ್ದ ಹಾಗೇ ಇದ್ದೇನೆ. ಫೋನು ಮಾಡಿದರೆ ನೀನು ‘ಆಮೇಲೆ ಮಾಡ್ತೀನಿ ಮಾವ’ ಅಂತ ಅರ್ಧಕ್ಕೇ ಇಡುತ್ತೀಯ. ಕಾಗದವನ್ನು ಹಾಗೆ ಇಡುವುದಕ್ಕಾಗುವುದಿಲ್ಲ. ಇಟ್ಟರೂ ಅದು ಮೇಜಿನ ಮೇಲೆ ಕೂತು ನಿನ್ನನ್ನೇ ನೋಡುತ್ತಿರುತ್ತದೆ.

ಸುದ್ದಿ ದೊಡ್ಡದು. ಈ ಅಕ್ಟೋಬರಿಗೆ ಬಲೂನು ಉತ್ಸವದಲ್ಲಿ ನನ್ನ ಸೇವೆಗೆ ಇಪ್ಪತ್ತೈದು ವರ್ಷ ತುಂಬುತ್ತದೆ. ಬೆಳಗಿನ ಜಾವ ಎದ್ದು, ಒದ್ದೆ ಹುಲ್ಲಿನಲ್ಲಿ ಮಂಡಿಯೂರಿ, ಬೇರೆಯವರು ಆಕಾಶಕ್ಕೆ ಹೋಗಲಿ ಅಂತ ಇಪ್ಪತ್ತೈದು ವರ್ಷ ಹಗ್ಗ ಹಿಡಿದವನು ನಾನೊಬ್ಬನೇ. ಮೈದಾನದಲ್ಲಿ ನನಗೆ ಹೆಸರೇ ಇಲ್ಲ, ಎಲ್ಲರಿಗೂ ನಾನು ‘ಹಗ್ಗದ ಮಾವ’. ಕಾರ್ಯದರ್ಶಿ ಮನೆಗೇ ಬಂದು ಹೇಳಿದ, ‘ಮಾವ, ಈ ಸಲ ನೀವು ಕೆಳಗಲ್ಲ, ಮೇಲೆ.’ ಮೊದಲನೇ ದಿನ, ಮೊದಲನೇ ಬಲೂನು, ಬುಟ್ಟಿಯೊಳಗೆ ನಾನು.

ಬಲೂನು ಎದ್ದು ನಿಂತ ಮೇಲೆ ಮನೆಯವರೊಬ್ಬರು ಮೈಕಿನಲ್ಲಿ ನನ್ನ ಬಗ್ಗೆ ಓದಬೇಕಂತೆ. ನಿನ್ನ ಹೆಸರು ಕೊಟ್ಟಿದ್ದೇನೆ. ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೇ ಟೈಪು ಮಾಡುವವಳು ನೀನು. ನಾನು ಬರೆದು ಕಳಿಸುತ್ತೇನೆ, ಅದನ್ನೇ ಓದು, ಒಂದಕ್ಷರ ಬಿಡಬೇಡ. ನಿನ್ನದು ಏನೂ ಸೇರಿಸಬೇಡ, ನಿನಗೆ ಹೊಗಳುವುದಕ್ಕೆ ಬರುವುದಿಲ್ಲ.

ನಿನ್ನ ಗಂಡ, ನಮ್ಮ ಅಳಿಯಂದಿರ ಕ್ಷಮಾಪಣೆ ಕಾಗದ ತಲುಪಿತು. ಎಡಗೈಯಲ್ಲಿ ಬರೆದಿದ್ದಾರೆ ಅಂತ ಕಾಣುತ್ತದೆ, ಅಕ್ಷರವೆಲ್ಲ ಮಲಗಿವೆ. ಹೋದ ವರ್ಷದ ಉತ್ಸವದಲ್ಲಿ ಪೈಲಟ್ ‘ಕೈ ಬಿಡಿ’ ಎಂದಾಗ ಎಲ್ಲರೂ ಬುಟ್ಟಿ ಬಿಟ್ಟರು, ಅವರೊಬ್ಬರು ಬಿಡದೆ ನೇತಾಡಿಕೊಂಡು ಹೋಗಿ ಬಿದ್ದರು. ಅಪಘಾತದ ವರದಿಯಲ್ಲೂ ಹಾಗೇ ಇದೆ. ನನ್ನ ಕಡೆಯವರೆಂದು ನನ್ನ ಮುಖಕ್ಕೂ ಮಸಿ ಹತ್ತಿತ್ತು, ಒರೆಸಿಕೊಂಡೆ. ನಾನು ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ, ಕ್ಷಮಿಸಿದ್ದೇನೆ ಅಂತ ಹೇಳು.

ನಿನ್ನ ಮಾವ


ಮೇ 19

ಮಾವ,

ನಿನ್ನ ಕಾಗದ ಓದಿ ತುಂಬಾ ದಿನದ ಮೇಲೆ ನಕ್ಕೆ. ಓದುತ್ತೇನೆ, ಒಂದಕ್ಷರ ಬಿಡುವುದಿಲ್ಲ. ಅಮ್ಮ ಹೋದ ಮೇಲೆ ನನಗೆ ಜಡೆ ಹೆಣೆದವನು ಅವಳ ತಮ್ಮ ನೀನು. ಸೊಟ್ಟ ಹೆಣೆದು, ಇದೇ ಈಗಿನ ಫ್ಯಾಷನ್ನು ಅಂತ ಸ್ಕೂಲಿಗೆ ಕಳಿಸಿದವನೂ ನೀನೇ.

ನೀನು ಕ್ಷಮಿಸಿದ್ದೀಯ ಎಂದು ಇವರಿಗೆ ಹೇಳಿದೆ. ಕಣ್ಣಲ್ಲಿ ನೀರು ಬಂತು. ಇವರ ಬಲಗೈ ಇನ್ನು ಇಷ್ಟೇ ಎಂದು ಡಾಕ್ಟರು ಹೇಳಿದ್ದಾರೆ. ಬೆರಳು ಮಡಚುತ್ತವೆ, ಹಿಡಿಯುವುದಿಲ್ಲ. ಆದರೂ ದಿನಾ ಒಂಬತ್ತಕ್ಕೆ ಅಂಗಡಿ ತೆರೆದು ಕೂರುತ್ತಾರೆ. ಮೊನ್ನೆ ಯಾರದೋ ಕೈಗಡಿಯಾರ ಬಿಚ್ಚಿದರು. ಸಾಸಿವೆಯಷ್ಟು ಚಕ್ರವೊಂದು ಚಿಮಟದಿಂದ ಜಾರಿ ಬಿತ್ತು. ಮಧ್ಯಾಹ್ನದವರೆಗೆ ನೆಲದ ಮೇಲೆ ಮಂಡಿಯೂರಿ ಹುಡುಕಿದರು. ನಾನು ಹೋದಾಗ ಬೀರುವಿನ ಕೆಳಗೆ ಕೆನ್ನೆ ಇಟ್ಟು ಮಲಗಿದ್ದರು. ‘ಸಿಕ್ತಾ’ ಎಂದೆ. ‘ಸಿಕ್ತು, ಎತ್ತಕ್ಕಾಗ್ತಿಲ್ಲ’ ಎಂದರು.

ತಲೆಗೂ ಪೆಟ್ಟು ಬಿದ್ದದ್ದರಿಂದ ಆ ಬೆಳಗಿನದು ಒಂದೂ ನೆನಪಿಲ್ಲ. ವರದಿಯಲ್ಲಿ ಇರುವುದನ್ನೇ ನಿಜವೆಂದು ನಂಬಿದ್ದಾರೆ. ಜೀಪಿಗೆ ಕಟ್ಟಿದ ಹಗ್ಗದ ಪಿನ್ ತಾನಾಗಿಯೇ ಜಾರಿತು, ಇವರು ಮಾತು ಕೇಳದೆ ನೇತಾಡಿದರು. ‘ನಾನು ಅಷ್ಟು ದಡ್ಡನಾ’ ಎಂದು ನನ್ನನ್ನೇ ಕೇಳುತ್ತಾರೆ. ಆದರೆ ಮಲಗಿದಾಗ ಒಂದು ಮಾತು ಕನವರಿಸುತ್ತಾರೆ. ‘ಎರಡನೆಯದು ಬರಲಿಲ್ಲ, ಎರಡನೆಯದು ಬರಲಿಲ್ಲ.’ ಎದ್ದ ಮೇಲೆ ಕೇಳಿದರೆ ಗೊತ್ತಿಲ್ಲ ಅನ್ನುತ್ತಾರೆ. ಏನದು ಎರಡನೆಯದು? ನಿನಗೇನಾದರೂ ಹೊಳೆಯುತ್ತದೆಯೇ?

ಗುಬ್ಬಿ


ಜೂನ್ 2

ಗುಬ್ಬಿಗೆ,

ತಲೆಗೆ ಪೆಟ್ಟು ಬಿದ್ದವರು ನೂರೆಂಟು ಅನ್ನುತ್ತಾರೆ, ಅದನ್ನೆಲ್ಲ ಕಿವಿಗೆ ಹಾಕಿಕೊಂಡರೆ ನಿನ್ನ ತಲೆಯೂ ಕೆಡುತ್ತದೆ. ಬಿಸಿ ಹಾಲು ಕೊಟ್ಟು ಮಲಗಿಸು.

ಈಗ ಬರೆದುಕೋ. ಜನ ನೋಡುವುದು ಬಣ್ಣದ ಬಲೂನು ಮೇಲೆ ಹೋಗುವುದನ್ನು. ಅದರ ಹಿಂದಿನ ಕೆಲಸ ಯಾರೂ ನೋಡುವುದಿಲ್ಲ. ಬೆಳಕು ಹರಿಯುವ ಮೊದಲೇ ನಾನು ಒಂದು ಪುಟ್ಟ ಕರಿ ಬಲೂನು ಬಿಟ್ಟು ಗಾಳಿ ಎತ್ತ ಅಂತ ನೋಡುತ್ತೇನೆ. ಪೈಲಟ್ ಹತ್ತಿರ ಯಂತ್ರ ಇದೆ, ಆದರೂ ಬಂದು ಕೇಳುವುದು ನನ್ನನ್ನು. ಆಮೇಲೆ ಬಟ್ಟೆ ಹಾಸುವುದು. ಅದು ಬಟ್ಟೆಯಲ್ಲ, ಒಂದು ಬೀದಿ. ಫ್ಯಾನಿನಿಂದ ಗಾಳಿ ತುಂಬುವಾಗ ಅದರ ನೆತ್ತಿಯ ಹಗ್ಗ ಹಿಡಿದು ಹಿಂದಕ್ಕೆ ವಾಲಿ ನಿಲ್ಲಬೇಕು, ಇಲ್ಲದಿದ್ದರೆ ಆ ಬೀದಿಯೇ ಹೊರಳಿ ನಿನ್ನ ಮೇಲೆ ಬೀಳುತ್ತದೆ. ಒಂದು ಸಲ ಮೂರು ಜನ ಹಿಡಿದು ಬಿಟ್ಟುಬಿಟ್ಟರು. ನಾನೊಬ್ಬನೇ ಹಿಡಿದೆ. ಅಂಗೈ ಸಿಪ್ಪೆ ಸುಲಿದ ಹಾಗಾಯಿತು, ಬಿಡಲಿಲ್ಲ. ಇದನ್ನು ಓದುವಾಗ ಸ್ವಲ್ಪ ತಡೆದು ಓದು.

ಬಲೂನು ಎದ್ದು ನಿಂತಾಗ ಎಂಟು ಜನ ಬುಟ್ಟಿಯ ಅಂಚನ್ನು ಒತ್ತಿ ಹಿಡಿದಿರುತ್ತಾರೆ. ಬುಟ್ಟಿಯಿಂದ ಜೀಪಿಗೆ ಒಂದು ಹಗ್ಗ, ಆ ಹಗ್ಗಕ್ಕೆ ಒಂದು ಪಿನ್. ಪೈಲಟ್ ‘ಕೈ ಬಿಡಿ’ ಅಂತಾನೆ, ಎಂಟೂ ಜನ ಒಟ್ಟಿಗೆ ಬಿಡಬೇಕು. ಕೊನೆಗೆ ಪಿನ್ ಎಳೆದರೆ ಬಲೂನು ಹೋಯಿತು. ಆಮೇಲೆ ಜೀಪಿನಲ್ಲಿ ಅದರ ಹಿಂದೆ ಓಡಬೇಕು. ಅದು ಯಾರದೋ ಹೊಲದಲ್ಲಿ ಇಳಿದಿರುತ್ತದೆ, ಹೊಲದವನು ದೊಣ್ಣೆ ಹಿಡಿದು ನಿಂತಿರುತ್ತಾನೆ. ಪೈಲಟ್ ಬುಟ್ಟಿಯಲ್ಲೇ ಕೂತಿರುತ್ತಾನೆ, ಮಾತಾಡುವವನು ನಾನು. ಓದಿದ್ದು ಏಳನೇ ಕ್ಲಾಸು, ಆದರೆ ದೊಣ್ಣೆ ಇಳಿಸುವ ಮಾತು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ.

ನಿನ್ನ ಮಾವ


ಜೂನ್ 20

ಮಾವ,

ಚೆನ್ನಾಗಿದೆ, ಆದರೆ ಬರೀ ಅಂಗೈ ಸುಲಿದದ್ದೇ ಆದರೆ ಜನ ಆಕಳಿಸುತ್ತಾರೆ. ನಗುವುದಕ್ಕೆ ಏನಾದರೂ ಕೊಡು. ನೀನು ಹೊಸಬರನ್ನು ಆಟ ಆಡಿಸುವುದರಲ್ಲಿ ಭಾರೀ ಹೆಸರು ಮಾಡಿದ್ದೀಯಂತೆ. ಕಾರ್ಯದರ್ಶಿಯವರೇ ಹೇಳಿದರು, ಏನು ಆಟವೆಂದು ಕೇಳಿದರೆ ಮಾತು ತಿರುಗಿಸಿದರು. ಅದನ್ನು ಬರೆ. ಇವರೂ ಸ್ವಲ್ಪ ನಗಲಿ.

ಇವರು ಎಡಗೈಯಲ್ಲಿ ಚಿಮಟ ಹಿಡಿಯಲು ಕಲಿಯುತ್ತಿದ್ದಾರೆ. ಹಿಡಿತ ಗಟ್ಟಿಯಾಗಿದೆ, ನಯ ಬಂದಿಲ್ಲ.

ಗುಬ್ಬಿ


ಜುಲೈ 1

ಗುಬ್ಬಿಗೆ,

ಆಟ ಕೇಳಿದೆಯಲ್ಲ, ಕೂತುಕೊಂಡು ಓದು, ನಿಂತರೆ ಬೀಳುತ್ತೀಯ.

ಹೊಸಬ ಬಂದ ಅಂತಿಟ್ಟುಕೋ. ನಾನು ಅವನ ಹೆಗಲ ಮೇಲೆ ಕೈ ಹಾಕಿ ಗುಟ್ಟು ಹೇಳುವವನ ಹಾಗೆ ಹೇಳುತ್ತೇನೆ. ‘ನೋಡಪ್ಪಾ, ಪೈಲಟ್ ಎರಡು ಸಲ ಕೈ ಬಿಡಿ ಅಂತಾನೆ. ಮೊದಲನೇದು ಬಿಗಿ ನೋಡಕ್ಕೆ, ಹಳಬರು ಬಿಡ್ತಾರೆ. ಹೊಸಬರು ಬಿಡೋದು ಎರಡನೇದಕ್ಕೆ. ಮೊದಲನೇದಕ್ಕೇ ಬಿಟ್ಟರೆ ಬುಟ್ಟಿ ಮಗುಚ್ಕೊಳ್ಳತ್ತೆ, ಜೀವ ಹೋದ್ರೂ ಬಿಡಬೇಡ.’ ಎರಡನೆಯ ಕರೆ ಅಂತ ಒಂದು ಇದ್ದರೆ ತಾನೆ. ಏಳು ಜನ ಬಿಡುತ್ತಾರೆ, ಬುಟ್ಟಿ ಎದ್ದು, ಜೀಪಿನ ಹಗ್ಗ ಬಿಗಿದು, ಆಳುದ್ದದಲ್ಲಿ ನಿಲ್ಲುತ್ತದೆ. ನಮ್ಮ ಹೊಸಬ ಒದ್ದೆ ಅಂಗಿಯ ಹಾಗೆ ಅಂಚಿಗೆ ಜೋತುಬಿದ್ದು ಎರಡನೆಯ ಕರೆಗೆ ಕಾಯುತ್ತಿರುತ್ತಾನೆ. ಮೈದಾನವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತದೆ. ಆಮೇಲೆ ದೊಪ್ಪೆಂದು ಬೀಳುತ್ತಾನೆ, ಅವನಿಗೊಂದು ಚಹಾ, ಅಲ್ಲಿಂದ ಅವನು ನಮ್ಮವನು.

ಒಬ್ಬ ಬ್ಯಾಂಕ್ ಮ್ಯಾನೇಜರನ ಪ್ಯಾಂಟು ಜಾರಿತು. ಒಬ್ಬ ಪೊಲೀಸ್ ಜೋತುಬಿದ್ದಲ್ಲಿಂದಲೇ ‘ಸಾರ್, ಎರಡನೇದು ಕೇಳಿಸ್ಲಿಲ್ಲ ಸಾರ್’ ಅಂತ ಕೂಗಿದ. ಹಲ್ಲಿನ ಡಾಕ್ಟರಮ್ಮ ಒಬ್ಬಳು ಕೆಳಗಿಳಿದು ನನ್ನ ಕೆನ್ನೆಗೆ ಬಾರಿಸಿದಳು, ಅದೂ ಸೇರಿಸು, ನನಗೆ ನಾಚಿಕೆಯಿಲ್ಲ. ಈ ಆಟ ಬೇರೆ ಯಾವ ಉತ್ಸವದಲ್ಲೂ ಇಲ್ಲ, ಇದು ನನ್ನ ತಲೆಯದು.

ನಿನ್ನ ಮಾವ


ಜುಲೈ 25

ಗುಬ್ಬಿಗೆ,

ಇಪ್ಪತ್ತನಾಲ್ಕು ದಿನವಾಯಿತು, ಒಂದು ಸಾಲೂ ಇಲ್ಲ. ಅಷ್ಟು ನಕ್ಕೆಯಾ? ಅಥವಾ ಮಾವ ಆಕಾಶಕ್ಕೆ ಹೋಗುತ್ತಾನೆ ಅಂತ ಹೊಟ್ಟೆಯುರಿಯೇ? ಕಾರ್ಯದರ್ಶಿ ನನಗೆ ಹೊಸ ಕೋಟು ಹೊಲಿಸುತ್ತಿದ್ದಾನೆ, ಬೆನ್ನ ಮೇಲೆ ಇಪ್ಪತ್ತೈದು ಅಂತ ಕಸೂತಿ. ಭಾಷಣ ಎಲ್ಲಿಗೆ ಬಂತು ತಿಳಿಸು.

ನಿನ್ನ ಮಾವ


ಆಗಸ್ಟ್ 14

ಮಾವನವರಿಗೆ ನಮಸ್ಕಾರ.

ಉತ್ತರ ತಡವಾಯಿತು. ಕೋರ್ಟಿನಲ್ಲಿ ಕೆಲಸ ಹೆಚ್ಚಿತ್ತು. ನಿಮ್ಮ ಆಟದ ಕಾಗದವನ್ನು ಒಂದು ಸಲ ಓದಿದೆ, ಆಮೇಲೆ ಇನ್ನೂ ಬಹಳ ಸಲ ಓದಿದೆ.

ಒಂದು ತೊಡಕು ಬಂದಿದೆ. ಹೋದ ವರ್ಷ ಪಿನ್ ಜಾರಿತೆಂದು ಕೆಲಸದಿಂದ ತೆಗೆದುಹಾಕಿದರಲ್ಲ, ಆ ಜೀಪಿನವನು ಮನೆಗೆ ಬಂದಿದ್ದ. ಎರಡನೆಯ ಕರೆಯ ಆಟ ಅವನದಂತೆ. ನೀವು ಅವನಿಂದ ಕದ್ದದ್ದಂತೆ. ಪಿನ್ ಎಳೆಯುವುದು ನಾಜೂಕಿನ ಕೆಲಸ, ಅದನ್ನು ನಿಮ್ಮ ಮಾವನ ಕೈಗೆ ಕೊಡುವವರು ಯಾರು, ಅವರು ಹಗ್ಗ ಸುತ್ತುವುದಕ್ಕೆ ಸರಿ ಎಂದ.

ಅವನು ಹೇಳಿದ್ದು ನಿಜವಾದರೆ ಭಾಷಣದಲ್ಲಿ ಆಟವನ್ನೂ ಪಿನ್ನನ್ನೂ ಬಿಟ್ಟು ಬರೀ ಹಗ್ಗ ಸುತ್ತಿದ್ದು ಓದುತ್ತೇನೆ. ಮೈಕಿನ ಮುಂದೆ ಸುಳ್ಳು ಓದಲಾರೆ. ನೀವೇ ತಿಳಿಸಿ.

ನಿಮ್ಮ ಸೊಸೆ


ಆಗಸ್ಟ್ 20

ಗುಬ್ಬಿಗೆ,

ಮೊದಲು ಒಂದು ಮಾತು. ಈ ಸಲ ನನಗೆ ‘ನೀವು’ ‘ನಿಮ್ಮ’ ಅಂತ ಬರೆದಿದ್ದೀಯ. ಆಕಾಶಕ್ಕೆ ಹೋಗುವವನಿಗೆ ಮರ್ಯಾದೆ ಕೊಡುವುದನ್ನು ಕಲಿತೆಯಲ್ಲ, ಸಂತೋಷ.

ಆ ಜೀಪಿನವನ ನಾಲಿಗೆಗೆ ಬೆಂಕಿ ಹಾಕ. ಹಗ್ಗ ಸುತ್ತುವವನಂತೆ ನಾನು. ಗುಬ್ಬಿ, ಆ ಪಿನ್ ಇಪ್ಪತ್ತೈದು ವರ್ಷ ನನ್ನ ಕೈಯಲ್ಲೇ ಇದೆ. ಜೀಪು ಅವನದು, ಸ್ಟೀರಿಂಗು ಅವನದು, ಪಿನ್ ನನ್ನದು. ನಾನಿಲ್ಲದೆ ಒಂದು ಬಲೂನೂ ನೆಲ ಬಿಟ್ಟಿಲ್ಲ. ಹೋದ ವರ್ಷದ್ದನ್ನೇ ತೆಗೆದುಕೋ. ಜೀಪಿನವನು ಡೇರೆಯಲ್ಲಿ ಚಹಾ ಕುಡಿಯುತ್ತಿದ್ದ. ಪಿನ್ ತಾನಾಗಿ ಜಾರುವುದಕ್ಕೆ ಅದೇನು ಅವನ ಪಂಚೆಯೇ? ಎಳೆದದ್ದು ಈ ಕೈ.

ನಡೆದದ್ದನ್ನೇ ಹೇಳುತ್ತೇನೆ, ನೀನು ಬೇರೆಯವಳಲ್ಲ. ಆ ಬೆಳಿಗ್ಗೆ ಚಹಾ ಹೊತ್ತಿಗೆ ಅಳಿಯಂದಿರು ಎಲ್ಲರ ಮುಂದೆ ನನ್ನನ್ನು ಕೇಳಿದರು, ‘ಮಾವ, ಇಪ್ಪತ್ನಾಲ್ಕು ವರ್ಷದಲ್ಲಿ ನೀವು ಎಷ್ಟು ಸಲ ಹಾರಿದೀರಿ?’ ಅವರು ಹಾಗೇ ಕೇಳಿದ್ದೋ, ಕುಟುಕಿದ್ದೋ, ನನಗೆ ಗೊತ್ತಿಲ್ಲ. ಪೈಲಟ್ ನಕ್ಕ, ‘ಮಾವ ಪಾರಿವಾಳದ ಗೂಡು ಇದ್ದ ಹಾಗೆ, ಹಾರೋದೆಲ್ಲ ಬೇರೆಯವರು’ ಅಂದ. ಡೇರೆಗೆ ಡೇರೆಯೇ ನಕ್ಕಿತು. ನಾನೂ ನಕ್ಕೆ. ಲೋಟ ಕೆಳಗಿಟ್ಟು ಅಳಿಯಂದಿರ ಹೆಗಲ ಮೇಲೆ ಕೈ ಹಾಕಿ ಎರಡನೆಯ ಕರೆಯ ಗುಟ್ಟು ಹೇಳಿಕೊಟ್ಟೆ. ಗಡಿಯಾರದವರು, ಹೇಳಿದ್ದನ್ನು ಕಚ್ಚಿ ಹಿಡಿಯುವವರು, ತಲೆಯಾಡಿಸಿದರು.

ಉಳಿದವರನ್ನು ಆಳುದ್ದಕ್ಕೆ ನಿಲ್ಲಿಸುತ್ತಿದ್ದೆ. ಇವರು ಇನ್ನೊಂದು ಆಳು ಹೋಗಲಿ, ಹಾರುವುದು ಅಂದರೆ ಏನು ಅಂತ ತಿಳಿಯಲಿ ಅಂತ ಪಿನ್ ಎಳೆದೆ. ಎರಡಾಳಿಗೆ ಬೀಳುತ್ತಾರೆ, ಹುಲ್ಲು ಮೆತ್ತಗಿದೆ ಅಂತ ನನ್ನ ಲೆಕ್ಕ. ಅವರು ಬಿಡಲೇ ಇಲ್ಲವಲ್ಲ. ಮನೆಯ ಮಾಡಿನಷ್ಟು ಎತ್ತರ ಹೋದರೂ ಎರಡನೆಯ ಕರೆಗೆ ಕಾಯುತ್ತಿದ್ದರು. ಅಷ್ಟು ನಂಬಿಕೆ ಯಾರಿಗಾದರೂ ಇರುತ್ತದೆಯೇ, ನೀನೇ ಹೇಳು.

ಆದದ್ದು ಆಯಿತು. ಈ ಒಂದು ವಿಷಯ ಅವರ ಕಿವಿಗೆ ಹಾಕಬೇಡ, ನೊಂದುಕೊಳ್ಳುತ್ತಾರೆ. ಆದರೆ ಆಟ ನನ್ನದು, ಪಿನ್ ನನ್ನದು, ಇದು ಭಾಷಣದಲ್ಲಿ ಬರಲೇಬೇಕು. ಜೀಪಿನವನಿಗೆ ಅಲ್ಲೇ ಮುಖಕ್ಕೆ ಹೊಡೆದ ಹಾಗಾಗಬೇಕು.

ನಿನ್ನ ಮಾವ


ಸೆಪ್ಟೆಂಬರ್ 3

ಮಾವನವರಿಗೆ,

ಈಗ ಎಲ್ಲ ಸರಿಯಾಯಿತು. ಆಟ ನಿಮ್ಮದು, ಪಿನ್ ನಿಮ್ಮದು. ಟೈಪು ಮಾಡಿ ಮುಗಿಸಿದ್ದೇನೆ, ನಿಮ್ಮ ಮಾತು ನಿಮ್ಮ ಮಾತಿನಲ್ಲೇ ಇದೆ. ಇವರ ಕಿವಿಗೆ ಹಾಕುವುದಿಲ್ಲ.

ಇವರೂ ಬರುತ್ತಾರೆ. ನಿಮ್ಮನ್ನು ಬುಟ್ಟಿಯಲ್ಲಿ ನೋಡಬೇಕಂತೆ.

ನಿಮ್ಮ ಸೊಸೆ


ಸೆಪ್ಟೆಂಬರ್ 22

ಗುಬ್ಬಿಗೆ,

ಅಳಿಯಂದಿರು ಬರುತ್ತಾರೆ ಎಂದು ಓದಿ ಎದೆ ತುಂಬಿತು. ದೊಡ್ಡ ಮನಸ್ಸು. ಅವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇನೆ, ಯಾರಾದರೂ ‘ಮಾತು ಕೇಳದೆ ಬಿದ್ದವರು ಇವರೇನಾ’ ಅಂದರೆ ನಾನಿದ್ದೇನೆ.

ಮೈಕನ್ನು ಬಾಯಿಗೆ ಹತ್ತಿರ ಹಿಡಿ. ಫ್ಯಾನಿನ ಸದ್ದು ನಿಂತ ಮೇಲೇ ಶುರುಮಾಡು. ಜೀಪಿನವನನ್ನೂ ಕರೆಸಿದ್ದೇನೆ, ಕೇಳಲಿ. ಕೋಟು ಬಂದಿದೆ, ಕನ್ನಡಿಯ ಮುಂದೆ ಬೆನ್ನು ತಿರುಗಿಸಿ ನಿಂತರೆ ಇಪ್ಪತ್ತೈದು ತಿರುಗುಮುರುಗಾಗಿ ಕಾಣುತ್ತದೆ, ಆದರೂ ಲಕ್ಷಣವಾಗಿದೆ.

ನಿನಗೆ ಮಾತ್ರ ಹೇಳುತ್ತೇನೆ. ಬುಟ್ಟಿಗೆ ಬಾಗಿಲಿಲ್ಲ, ಅಂಚು ದಾಟಿ ಹತ್ತಬೇಕು, ದಾಟಿ ಇಳಿಯಬೇಕು. ನನ್ನ ಮಂಡಿ ಈಗ ಅಷ್ಟು ಮಡಚುವುದಿಲ್ಲ. ಹತ್ತುವಾಗ ಇಳಿಯುವಾಗ ಯಾರಾದರೂ ಕೈ ಕೊಡಬೇಕು. ಮೈದಾನದವರಿಗೆ ಇದು ತಿಳಿಯಬಾರದು, ನಗುತ್ತಾರೆ.

ನಿನ್ನ ಮಾವ


ಅಕ್ಟೋಬರ್ 19

ಗುಬ್ಬಿಗೆ,

ಒಂಬತ್ತು ದಿನ ಪೆನ್ನು ಮುಟ್ಟಲಿಲ್ಲ. ಈಗಲೂ ಏನು ಬರೆಯಬೇಕೋ ತಿಳಿಯದು.

ನೀನು ಓದಿದೆ. ಚೆನ್ನಾಗಿಯೇ ಓದಿದೆ, ತಡೆಯಬೇಕಾದಲ್ಲಿ ತಡೆದೆ. ಅಂಗೈ ಸುಲಿದದ್ದಕ್ಕೆ ಚಪ್ಪಾಳೆ ಬಿತ್ತು. ಬ್ಯಾಂಕ್ ಮ್ಯಾನೇಜರಿಗೆ ನಕ್ಕರು, ಪೊಲೀಸಿಗೆ ಇನ್ನೂ ನಕ್ಕರು. ಬುಟ್ಟಿ ಅಡ್ಡ ಮಲಗಿದ್ದಾಗಲೇ ಒಳಗೆ ನುಸುಳಿದ್ದ ನಾನು ಎರಡು ಕೈ ಎತ್ತಿ ನಿಂತಿದ್ದೆ. ಆಮೇಲೆ ನೀನು ‘ಆಗಸ್ಟ್ ಇಪ್ಪತ್ತು’ ಎಂದು ತಾರೀಖು ಓದಿ ಶುರುಮಾಡಿದೆ. ಈಗ ಅದು ಬಿಟ್ಟುಬಿಡುತ್ತಾಳೆ, ಈಗ ಬಿಡುತ್ತಾಳೆ ಅಂತ ಕಾದೆ. ದೂರದಲ್ಲಿದ್ದವರು ಇನ್ನೂ ನಗುತ್ತಿದ್ದರು, ಅವರಿಗೆ ಇದೂ ಆಟವೇ ಅನಿಸಿತ್ತು. ಬುಟ್ಟಿಯ ಅಂಚು ಹಿಡಿದಿದ್ದ ಎಂಟು ಜನ ನಗಲಿಲ್ಲ. ಅವರಲ್ಲಿ ಏಳು ಜನ ಹೋದ ವರ್ಷವೂ ಇದ್ದರು, ಎಂಟನೆಯವರು ಆಗ ಅಳಿಯಂದಿರು. ಗುಟ್ಟು ಹೇಳಿದ್ದು ಅವರಿಗೂ ಗೊತ್ತಿತ್ತು. ಪಿನ್ನಿನದು ಗೊತ್ತಿರಲಿಲ್ಲ.

ನೀನು ‘ನೊಂದುಕೊಳ್ಳುತ್ತಾರೆ’ ಎನ್ನುವುದನ್ನೂ ಬಿಡದೆ ಓದಿ ಹಾಳೆ ಮಡಚಿದೆ. ಪೈಲಟ್ ಉರಿ ಆರಿಸಿ, ಮೇಲಿನ ಬಾಯಿ ತೆರೆದು ಬಿಸಿಗಾಳಿ ಬಿಟ್ಟ. ಬಟ್ಟೆ ಸೊರಗಿ ಒಂದು ಪಕ್ಕಕ್ಕೆ ಮಲಗಿತು. ‘ಇಳಿ’ ಎಂದ. ಇಪ್ಪತ್ತೈದು ವರ್ಷದಲ್ಲಿ ಅವನು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ತಾನು ದಾಟಿ ಹೋದ. ಎಂಟೂ ಜನ ಕೈ ತೆಗೆದರು, ಯಾರೂ ಹೇಳದೆಯೇ ತೆಗೆದರು, ನಡೆದರು. ಜೀಪಿನವನು ಹತ್ತಿರ ಬಂದು ಹಗ್ಗದ ಪಿನ್ ಬಿಚ್ಚಿ ಜೇಬಿಗೆ ಹಾಕಿಕೊಂಡ. ಅವನನ್ನು ಕೇಳಿದೆ, ಅವನು ನಿನ್ನ ಮನೆಯ ಬಾಗಿಲೇ ನೋಡಿಲ್ಲವಂತೆ. ನೀನು ಅಷ್ಟು ಚೆನ್ನಾಗಿ ಸುಳ್ಳು ಹೇಳುವುದನ್ನು ಯಾರಿಂದ ಕಲಿತೆ ಅಂತ ಯೋಚಿಸಿದೆ, ಮುಂದೆ ಯೋಚಿಸಲಿಲ್ಲ.

ನಾನು ಬುಟ್ಟಿಯಲ್ಲೇ ನಿಂತಿದ್ದೆ. ಒಂದು ಕಾಲು ಎತ್ತಿದೆ, ಅಂಚಿಗೆ ಬರಲಿಲ್ಲ. ಇನ್ನೊಂದು ಎತ್ತಿದೆ. ‘ಯಾರಾದ್ರೂ ಕೈ ಕೊಡ್ರಪ್ಪಾ’ ಅಂದೆ. ಹೊಸಬನೊಬ್ಬ ಬರಲು ಹೊರಟ, ಹಳಬರು ಅವನ ತೋಳು ಹಿಡಿದರು. ಡೇರೆಯ ಕಡೆಯಿಂದ ಯಾರೋ ಕೂಗಿದರು, ‘ಎರಡನೇ ಕರೆಗೆ ಕಾಯಿ ಮಾವ.’ ಆಗ ಎಲ್ಲರೂ ನಕ್ಕರು. ನನ್ನ ಆಟಕ್ಕೆ ಅಷ್ಟು ನಗು ಯಾವತ್ತೂ ಬಿದ್ದಿರಲಿಲ್ಲ.

ಆಗ ಕುರ್ಚಿಯಿಂದ ಎದ್ದು ಬಂದವರು ಅಳಿಯಂದಿರು. ಕೈ ಚಾಚಿದರು. ನಾನು ಎರಡು ಕೈಯಲ್ಲಿ ಅದನ್ನು ಹಿಡಿದು ಪೂರ್ತಿ ಭಾರ ಹಾಕಿ ಅಂಚಿನ ಮೇಲೆ ಎದ್ದೆ. ಅದರಲ್ಲಿ ಏನೂ ಇರಲಿಲ್ಲ ಗುಬ್ಬಿ. ಒದ್ದೆ ಬಟ್ಟೆ ಹಿಡಿದ ಹಾಗಿತ್ತು. ಮುಖ ಕೆಳಗಾಗಿ ಬಿದ್ದೆ. ಮುಂದಿನ ಹಲ್ಲು ಒಂದು ಹೋಯಿತು, ಮೊದಲೇ ಅಲುಗಾಡುತ್ತಿತ್ತು ಬಿಡು. ಹುಲ್ಲು ನಾನು ಅಂದುಕೊಂಡಷ್ಟು ಮೆತ್ತಗಿಲ್ಲ.

ಆದರೂ ಒಂದು ಬರೆಯಲೇಬೇಕು. ಅಷ್ಟು ಜನರಲ್ಲಿ ನನಗೆ ಕೈ ಕೊಟ್ಟವರು ಅವರೊಬ್ಬರೇ. ಆ ಬಲಗೈ ಹಿಡಿಯುವುದಿಲ್ಲ ಎನ್ನುವುದು ಆ ಗಳಿಗೆಯಲ್ಲಿ ಅವರಿಗೆ ಮರೆತೇ ಹೋಗಿತ್ತು. ಮನುಷ್ಯ ಒಳ್ಳೆಯವನಾದರೆ ಹಾಗೇ ಆಗುವುದು. ನಾನು ಹಾಗಂದೆ ಅಂತ ಅವರಿಗೆ ಹೇಳು. ನೀನು ಕೋಪದಲ್ಲಿದ್ದೀಯ, ಇರಲಿ, ಅವರಾದರೂ ನನ್ನನ್ನು ಬಿಟ್ಟಿಲ್ಲವಲ್ಲ.

ಮತ್ತೆ, ಬಟ್ಟೆ ಮಲಗುವ ಮೊದಲು ಬುಟ್ಟಿ ಒಂದು ಗೇಣು ಎದ್ದಿತ್ತು. ನೀನು ಓದುತ್ತಿದ್ದೆ, ನೋಡಿರಲಿಕ್ಕಿಲ್ಲ.

ನಿನ್ನ ಮಾವ


ಅಕ್ಟೋಬರ್ 27

ಮಾವನವರಿಗೆ,

ಅವರ ಕಿವಿಗೆ ನಾನು ಹಾಕಲಿಲ್ಲ. ಕಾಗದವನ್ನೇ ಕೈಗೆ ಕೊಟ್ಟೆ. ಆಗಸ್ಟಿನಲ್ಲೇ ಕೊಟ್ಟೆ. ಓದಿ ಮಡಚಿಟ್ಟು, ‘ಹಾಗಾದರೆ ನಾನು ದಡ್ಡನಲ್ಲ’ ಎಂದರು. ಅವತ್ತಿನಿಂದ ಕನವರಿಕೆ ನಿಂತಿದೆ.

ಅವರಿಗೆ ಮರೆತಿರಲಿಲ್ಲ. ನಿಮಗೆ ಇಳಿಯುವಾಗ ಕೈ ಬೇಕೆಂದು ನೀವೇ ಬರೆದಿದ್ದಿರಿ. ಹೊರಡುವ ಹಿಂದಿನ ದಿನ ಅಂಗಡಿಯಲ್ಲಿ ಕೂತು, ಒಮ್ಮೆ ಎಡಗೈ ಚಾಚಿ ನೋಡಿದರು, ಒಮ್ಮೆ ಬಲಗೈ. ಎಡಗೈ ಗಟ್ಟಿಯಾಗಿದೆ. ಈಗ ಚಕ್ರಗಳನ್ನೂ ಎತ್ತುತ್ತಾರೆ.

ಮೇ ತಿಂಗಳಲ್ಲಿ ಅವರು ಬರೆದ ಕ್ಷಮಾಪಣೆ ಕಾಗದ ನಿಮ್ಮ ಹತ್ತಿರ ಇದೆ. ಅದನ್ನು ವಾಪಸು ಕಳಿಸಿ. ಲಕೋಟೆಯಲ್ಲಿ ಬೇರೇನೂ ಇಡಬೇಡಿ. ಕಳಿಸದಿದ್ದರೆ ಮತ್ತೆ ಕೇಳುತ್ತೇನೆಂದು ಕಾಯಬೇಡಿ. ಎರಡನೆಯದು ಬರುವುದಿಲ್ಲ.